ಲಾರಿಯ ಟರ್ಬೊ ಒತ್ತಡ ಕುಸಿದಾಗ

ಸರಕು ತುಂಬಿದ ಲಾರಿಯು ಶಿರಾಡಿ ಘಾಟಿಯ ಏರಿನಲ್ಲಿ ಮೊದಲಿನಂತೆ ಎಳೆಯುತ್ತಿಲ್ಲವೆಂದು ಚಾಲಕನು ದೂರಿದೊಡನೆ ಟರ್ಬೊಚಾರ್ಜರನ್ನೇ ಬದಲಾಯಿಸುವ ಸಲಹೆ ಬರುವುದುಂಟು. ದುಬಾರಿಯಾದ ಈ ವೆಚ್ಚಕ್ಕೆ ಒಪ್ಪುವ ಮುನ್ನ ಮಾಲೀಕರು ಕೆಲವು ಪರೀಕ್ಷೆಗಳನ್ನು ಮಾಡಿಸುವುದು ಒಳಿತು.

ಎಂಜಿನ್ ಹೊರಬಿಡುವ ಬಿಸಿ ಅನಿಲದ ಬಲದಿಂದ ತಿರುಗಿ, ಒಳಹೋಗುವ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೊ. ಆದುದರಿಂದ ನಿಂತ ವಾಹನದಲ್ಲಿ ಒತ್ತಡ ಅಳೆದು ಪ್ರಯೋಜನವಿಲ್ಲ. ಭಾರ ಹೊತ್ತು ಏರು ಹತ್ತುವಾಗಲೇ ಮಾಪಕದ ಅಂಕಿಯನ್ನು ನೋಡಿ ತಯಾರಕರ ಕೈಪಿಡಿಯೊಡನೆ ಹೋಲಿಸಬೇಕು.

ಹಳೆಯ ವಾಹನಗಳಲ್ಲಿ ಹೊಗೆಯೇ ಮೊದಲ ಸುಳಿವು. ಕಪ್ಪು ಹೊಗೆ ಬಂದರೆ ಗಾಳಿ ಸಾಲದೆಂದು ಅರ್ಥ: ಏರ್ ಫಿಲ್ಟರ್ ಕಟ್ಟಿರಬಹುದು, ಇಂಟರ್‌ಕೂಲರಿನ ರಬ್ಬರ್ ಹೋಸ್ ಸೀಳಿರಬಹುದು, ಕ್ಲಿಪ್ ಸಡಿಲವಾಗಿರಬಹುದು. ಎಣ್ಣೆಜಿಡ್ಡಿನ ಅಡಿಯಲ್ಲಿ ಅಡಗಿದ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿಬಿಡುವುದರಿಂದ ಬರಿಗಣ್ಣಿಗೆ ಸುಲಭವಾಗಿ ಕಾಣದು. ಎಂಜಿನ್ ನಿಲ್ಲಿಸಿ, ಈ ಮಾರ್ಗಕ್ಕೆ ಮಿತ ಒತ್ತಡದ ಗಾಳಿ ತುಂಬಿ, ಸಾಬೂನು ನೀರು ಹಚ್ಚಿದರೆ ಗುಳ್ಳೆಗಳೇ ಸ್ಥಳವನ್ನು ತೋರಿಸುವುವು. ಖರ್ಚು ಅತ್ಯಲ್ಪ.

ಹೊಗೆಯಿಲ್ಲದೆ ಒತ್ತಡ ಕುಸಿದಿದ್ದರೆ ಡೀಸೆಲ್ ಫಿಲ್ಟರನ್ನು ಶಂಕಿಸಬೇಕು. ಇಂಧನ ಸಾಲದಿದ್ದರೆ ಅನಿಲದ ಶಾಖ ತಗ್ಗಿ ಟರ್ಬೊ ವೇಗವೂ ತಗ್ಗುವುದು. ಇಲ್ಲಿ ಟರ್ಬೊ ನಿರ್ದೋಷಿ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಮಸಿ ಶೋಧಕವಿರುವುದರಿಂದ ಹೊಗೆಯನ್ನು ನಂಬುವಂತಿಲ್ಲ, ಸ್ಕ್ಯಾನರ್ ಬೇಕೇಬೇಕು.

ಸಿಲುಕಿದ ವೇಸ್ಟ್‌ಗೇಟ್, ಸೋರುವ ಎಕ್ಸಾಸ್ಟ್ ಗ್ಯಾಸ್ಕೆಟ್ ಇವನ್ನೂ ನೋಡಿದ ಮೇಲೆಯೇ ಟರ್ಬೊವಿನ ಸರದಿ. ಅದರ ಚಕ್ರವು ಕವಚಕ್ಕೆ ತಾಗುತ್ತಿದ್ದರೆ ಬದಲಾಯಿಸದೆ ಗತ್ಯಂತರವಿಲ್ಲ. ಆಗಲೂ ಆಯಿಲ್ ಪೂರೈಸುವ ಕೊಳವೆ ಕಟ್ಟಿದೆಯೇ ಎಂದು ಪರೀಕ್ಷಿಸದಿದ್ದರೆ ಹೊಸತೂ ಬೇಗನೆ ಕೆಡುವುದು.