ಆಪರೇಷನ್‌ಗೆ ಜೊತೆ ಯಾರು?

ಪುಣೆಯಲ್ಲಿ ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದೀರಾ? ಊರಿಂದ ಅಮ್ಮ ಬರುವ ಹಾಗಿಲ್ಲವಾ?

ಹಿಜ್ರಾ ಸಮುದಾಯದಲ್ಲಿ ‘ನಿರ್ವಾಣ’ (ಲಿಂಗ ಬದಲಾವಣೆಯ ಶಸ್ತ್ರಕ್ರಿಯೆ) ಆದವರಿಗೆ 40 ದಿನ ತಮ್ಮವರದ್ದೇ ಆರೈಕೆ. ಹಿಜ್ರಾ ಲೇಖಕಿ ಎ. ರೇವತಿ ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಪುಣೆಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಂಸ್ಥೆ ಸಮಪಥಿಕ್ ಟ್ರಸ್ಟ್ ಶುರುವಾದದ್ದು 2002ರಲ್ಲಿ. ನಿಮಗೂ ಅಂಥ ಜೊತೆ ಬೇಕಿದ್ದರೆ ಇಂಥ ಕಡೆ ವಿಚಾರಿಸಿ, ಈಗಾಗಲೇ ಸರ್ಜರಿ ಆದವರೊಬ್ಬರ ಪರಿಚಯ ಮಾಡಿಕೊಳ್ಳಿ.

ಡಾಕ್ಟರ ಮುಂದೆ ನಾಚಿಕೆಯಾಗುವುದನ್ನು ಅವರನ್ನು ಕೇಳಿ: ಟಾಯ್ಲೆಟ್‌ಗೆ ಹೋಗುವುದು ಹೇಗೆ, ಡ್ರೆಸ್ಸಿಂಗ್‌ಗೆ ಯಾರು ಕರೆದೊಯ್ಯುತ್ತಾರೆ, ಮೂರನೇ ಮಹಡಿಯ ರೂಮು ಆದೀತಾ? (ಲಿಫ್ಟ್ ಇಲ್ಲದಿದ್ದರೆ ಖಂಡಿತ ಬೇಡ.)

ಬೀಡಿ, ಸಿಗರೇಟು, ತಂಬಾಕು ವಾರಗಟ್ಟಲೆ ಮುಂಚೆಯೇ ಬಿಡಿ. ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಹಾರ್ಮೋನ್ ನಿಲ್ಲಿಸುವುದೋ ಮುಂದುವರಿಸುವುದೋ, ಅದನ್ನು ಡಾಕ್ಟರೇ ಹೇಳಬೇಕು.

ಮನೆಗೆ ಬಂದ ಮೇಲೆ ಸುಮ್ಮಸುಮ್ಮನೆ ಅಳು ಬರಬಹುದು. ಆಗ ಪರಿಚಯ ಮಾಡಿಕೊಂಡ ಆ ಅಕ್ಕನಿಗೆ ಫೋನ್ ಮಾಡಿ. ಜ್ವರ, ಕೀವು, ನಿಲ್ಲದ ರಕ್ತ ಕಂಡರೆ ಮಾತ್ರ ಮೊದಲ ಫೋನ್ ಆಸ್ಪತ್ರೆಗೆ.