ಕಿರಿಯರ ಕಂದುಕಕ್ರೀಡೆ

ಬಾಲಕರ ಆಟವನ್ನು ಹಿರಿಯರು ನಿಂತು ನೋಡಿ ಸಂತೋಷಪಡುವುದು ಎಲ್ಲ ದೇಶಗಳಲ್ಲಿಯೂ ಉಂಟು. ಸಂಜೆಯ ಹೊತ್ತು ಬಯಲಿನಲ್ಲಿ ಹುಡುಗರು ಧೂಳೆಬ್ಬಿಸಿ ಓಡಾಡುತ್ತಿದ್ದರೆ ದಾರಿಹೋಕನೂ ಒಂದು ಗಳಿಗೆ ನಿಲ್ಲುತ್ತಾನೆ. ಗೆದ್ದವರಾರು, ಸೋತವರಾರು ಎಂಬುದನ್ನು ಮನೆ ಸೇರುವುದರೊಳಗೆ ಅವನೂ ಮರೆಯುತ್ತಾನೆ, ಉಂಡು ಮಲಗುವುದರೊಳಗೆ ಹುಡುಗರೂ ಮರೆಯುತ್ತಾರೆ. ಆದರೆ ಅದೇ ಆಟಕ್ಕೆ ಹಣವೂ ಕೀರ್ತಿಯೂ ಸೇರಿ, ಹದಿನೆಂಟು ವರ್ಷದ ಹುಡುಗನ ಒಂದು ತಪ್ಪು ಹೆಜ್ಜೆಯನ್ನು ಸಾವಿರಾರು ಮಂದಿ ಟೆಲಿವಿಷನ್ನಿನಲ್ಲಿ ನೋಡುವಂತಾದರೆ, ಆಗ ಆ ಹುಡುಗನ ವಿಷಯದಲ್ಲಿ ಹಿರಿಯರ ಕರ್ತವ್ಯವೇನು? ಬಹುಕಾಲ ಹುಡುಗರ ನಡುವೆಯೇ ಜೀವ ಸವೆಸಿದ ನಮ್ಮಂಥವರಿಗೆ ಈ ಪ್ರಶ್ನೆಯು ಆಟದ ಸೋಲುಗೆಲವಿಗಿಂತ ದೊಡ್ಡದಾಗಿ ತೋರುತ್ತದೆ.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳವರು ಈ ಪ್ರಶ್ನೆಯನ್ನು 2008ರಿಂದ 2017ರವರೆಗೆ, ಹತ್ತು ವರ್ಷಗಳ ಪರ್ಯಂತ, ಪ್ರತ್ಯಕ್ಷವಾಗಿ ಎದುರಿಸಿದರು. ಇಪ್ಪತ್ತು ವರ್ಷದೊಳಗಿನ ತರುಣರಿಗಾಗಿ ಅವರು ನಡೆಸಿದ ರಗ್ಬಿ ಲೀಗ್ ಪಂದ್ಯಾವಳಿಯೇ ಆ ಪ್ರಯೋಗ. ಅದರ ಹತ್ತು ಋತುಗಳಲ್ಲಿ ಮೊದಲನೆಯದನ್ನು ನಾವಿಲ್ಲಿ ಮುಖ್ಯವಾಗಿ ಹಿಡಿದುಕೊಂಡಿದ್ದೇವೆ. ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಒಂದಗುಳನ್ನು ಹಿಸುಕಿ ನೋಡುವಳಲ್ಲವೆ? ಅದೇ ಸ್ಥಾಲೀಪುಲಾಕನ್ಯಾಯವು ಇಲ್ಲಿಯೂ ಸಾಕು.

ಮೊದಲು ಆಟದ ಪರಿಚಯ. ರಗ್ಬಿ ಲೀಗಿನ ಚೆಂಡು ದುಂಡಗಿಲ್ಲ. ಸುಲಿದ ತೆಂಗಿನಕಾಯಿಯಂತೆ ನೀಳವಾಗಿದೆ. ಒಂದೊಂದು ತಂಡದಲ್ಲಿ ಹದಿಮೂರು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು. ಕೈಯಿಂದ ಮಾತ್ರ ಮುಂದಕ್ಕೆ ಎಸೆಯಕೂಡದು. ಓಡುವವನನ್ನು ಎದುರಾಳಿಗಳು, ನಮ್ಮ ಕಬಡ್ಡಿಯಲ್ಲಿ ಮಾಡುವಂತೆ, ಹಿಡಿದು ಕೆಡವುತ್ತಾರೆ. ಹೀಗೆ ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಎದುರು ಗೆರೆಯನ್ನು ಮುಟ್ಟಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ನಾಲ್ಕು ಅಂಕ. ಇದಕ್ಕೆ ಟ್ರೈ ಎಂದು ಹೆಸರು. ಅನಂತರ ಎರಡು ಕಂಬಗಳ ನಡುವೆ ಒದ್ದು ದಾಟಿಸಿದರೆ ಮತ್ತೆರಡು. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದು ಕಂಬಗಳ ನಡುವೆ ಕಳುಹಿಸಿದರೆ ಒಂದು. ಇಷ್ಟು ತಿಳಿದರೆ ಮುಂದಿನ ಕಥೆಗೆ ಸಾಕು.

ಈ ಆಟದ ಹುಟ್ಟಿನಲ್ಲಿಯೇ ಒಂದು ವಿಶೇಷವಿದೆ. ಇಂಗ್ಲೆಂಡಿನ ಉತ್ತರಭಾಗದಲ್ಲಿ ರಗ್ಬಿ ಆಡುತ್ತಿದ್ದವರು ಬಹುಮಟ್ಟಿಗೆ ಗಣಿಗಳ ಮತ್ತು ಗಿರಣಿಗಳ ಕೆಲಸಗಾರರು. ಶನಿವಾರ ಆಟಕ್ಕೆ ಹೋದರೆ ಅವರಿಗೆ ಆ ಹೊತ್ತಿನ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನಾದರೂ ತುಂಬಿಕೊಡೋಣವೆಂದು ಅವರ ಕ್ಲಬ್ಬುಗಳು ಕೇಳಿದರೆ, ಆಟಕ್ಕೆ ಹಣ ಕೊಡುವುದು ಅಗೌರವವೆಂದು ಆಗಿನ ರಗ್ಬಿ ಸಂಘದ ಶ್ರೀಮಂತರು ಒಪ್ಪಲಿಲ್ಲ. 1895ನೆಯ ಇಸವಿ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಆ ಕ್ಲಬ್ಬುಗಳವರು ಸಭೆಸೇರಿ ಬೇರೆಯಾದರು. ಮೊದಲು ಹದಿನೈದು ಮಂದಿ ಆಡುತ್ತಿದ್ದುದು 1906ರಲ್ಲಿ ಹದಿಮೂರಾಯಿತು. ನಿಯಮಗಳು ಮಾರ್ಪಟ್ಟು ಕ್ರಮೇಣ ಬೇರೊಂದು ಆಟವೇ ಆಯಿತು. ದುಡಿಮೆಗೂ ಆಟಕ್ಕೂ ನಡೆದ ವ್ಯಾಜ್ಯದಿಂದ ಹುಟ್ಟಿದ ಆಟವಿದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಆಸ್ಟ್ರೇಲಿಯದ ಸಿಡ್ನಿಯಲ್ಲಿ ಈ ಆಟದ ಪಂದ್ಯಾವಳಿಯು 1908ರಲ್ಲಿ ಮೊದಲಾಯಿತು. ಸರಿಯಾಗಿ ನೂರು ವರ್ಷ ತುಂಬಿದ 2008ರಲ್ಲಿ ಕಿರಿಯರ ರಾಷ್ಟ್ರೀಯ ಪಂದ್ಯಾವಳಿಯನ್ನು ಆರಂಭಿಸಿದರು. ಒಂದು ಮೋಟಾರು ಕಂಪೆನಿಯ ಆಶ್ರಯದಿಂದ ಅದಕ್ಕೆ ಮೊದಲು ಟೊಯೊಟಾ ಕಪ್ ಎಂದೂ, 2013ರಿಂದ ಮತ್ತೊಂದರ ಆಶ್ರಯದಿಂದ ಹೋಲ್ಡನ್ ಕಪ್ ಎಂದೂ ಹೆಸರಾಯಿತು. ಹಿರಿಯರ ಪಂದ್ಯಾವಳಿಯಲ್ಲಿದ್ದ ಹದಿನಾರು ಕ್ಲಬ್ಬುಗಳೂ ಒಂದೊಂದು ಕಿರಿಯರ ತಂಡವನ್ನು ಕಟ್ಟಿದವು. ಹಿರಿಯರು ಯಾವ ಊರಿಗೆ ಹೋದರೆ ಕಿರಿಯರೂ ಆ ಊರಿಗೆ; ಸಾಮಾನ್ಯವಾಗಿ ಹಿರಿಯರ ಪಂದ್ಯಕ್ಕೆ ಮುಂಚೆ, ಅದೇ ಮೈದಾನದಲ್ಲಿ, ಕಿರಿಯರ ಪಂದ್ಯ. ಮಾರ್ಚ್‌ನಲ್ಲಿ ತೊಡಗಿದರೆ ಅಂತಿಮ ಪಂದ್ಯ ಮುಗಿಯುವಾಗ ಅಕ್ಟೋಬರ್. ಇಪ್ಪತ್ತಾರು ವಾರಗಳಲ್ಲಿ ಪ್ರತಿಯೊಂದು ತಂಡಕ್ಕೂ ಇಪ್ಪತ್ತನಾಲ್ಕು ಪಂದ್ಯಗಳು; ಅನಂತರ ಮೇಲಿನ ಎಂಟು ತಂಡಗಳಿಗೆ ನಿರ್ಣಾಯಕ ಸುತ್ತುಗಳು. ತಂಡಗಳಲ್ಲಿ ಒಂದು ನ್ಯೂಜಿಲೆಂಡಿನ ಆಕ್ಲೆಂಡಿನದು, ಒಂದು ದಕ್ಷಿಣದ ಮೆಲ್ಬರ್ನಿನದು, ಮತ್ತೊಂದು ಉತ್ತರದ ಉಷ್ಣಪ್ರದೇಶದಲ್ಲಿರುವ ಟೌನ್ಸ್‌ವಿಲ್ಲಿನದು. ಆದ್ದರಿಂದ ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಹುಡುಗರು ವಾರವಾರವೂ ಮನೆ ಬಿಟ್ಟು, ವಿಮಾನವೇರಿ, ಸಮುದ್ರ ದಾಟಿ ಆಡಿಬರಬೇಕಾಯಿತು.

ಇಷ್ಟಾದರೆ ಓದಿನ ಗತಿಯೇನು? ಈ ಪಂದ್ಯಾವಳಿಯಲ್ಲಿ ನಮ್ಮ ಮನಸ್ಸಿಗೆ ಬಹಳ ಒಪ್ಪಿದ ಅಂಶವು ಇಲ್ಲಿಯೇ ಇದೆ. ಆಡುವ ತರುಣನು ಓದುತ್ತಲಾದರೂ ಇರಬೇಕು, ಇಲ್ಲವೆ ಯಾವುದಾದರೊಂದು ಉದ್ಯೋಗವನ್ನು ಕಲಿಯುತ್ತಲೋ ಮಾಡುತ್ತಲೋ ಇರಬೇಕೆಂದು ನಿಬಂಧನೆ ಮಾಡಿದರು. ಆಟವೊಂದನ್ನೇ ನೆಚ್ಚಿಕೊಂಡು ದಿನವೆಲ್ಲ ಕಳೆಯುವಂತಿಲ್ಲ. ಕಿರಿಯರಿಗಾಗಿ ಒಂದು ಕ್ಲಬ್ಬು ವ್ಯಯಮಾಡಬಹುದಾದ ಸಂಬಳದ ಮೊತ್ತಕ್ಕೂ ಮಿತಿಯಿತ್ತು. ನೂರು ವರ್ಷಗಳ ಹಿಂದೆ, ದುಡಿಯುವವನಿಗೆ ಆಡುವುದಕ್ಕೂ ಹಕ್ಕುಂಟೆಂದು ವಾದಿಸಿ ಬೇರೆಯಾದ ಆಟವಲ್ಲವೆ ಇದು? ಅದೇ ಆಟವು ಈಗ, ಆಡುವವನು ದುಡಿಮೆಯನ್ನೂ ಕಲಿಯಬೇಕೆಂದು ವಿಧಿಸಿತು. ಮಾತು ಬೇರೆಯಾದರೂ ವಿವೇಕವು ಒಂದೇ.

ಈ ವಿವೇಕವು ಏಕೆ ಅವಶ್ಯಕವೆಂಬುದನ್ನು ಕೂಡುಕಳೆಯುವ ಲೆಕ್ಕದಿಂದಲೇ ತೋರಿಸಬಹುದು. ಪಂದ್ಯದ ದಿನ ಒಂದು ತಂಡಕ್ಕೆ ಹದಿಮೂರು ಮಂದಿ ಆಟಗಾರರು, ನಾಲ್ವರು ಬದಲಿಗರು, ಒಟ್ಟು ಹದಿನೇಳು. ಹದಿನಾರು ತಂಡಗಳಿಗೆ 272. ಇವರು ಕಿರಿಯರು. ಇವರೆಲ್ಲರೂ ಏರಬೇಕೆಂದು ಹಂಬಲಿಸುವ ಹಿರಿಯರ ಪಂದ್ಯಾವಳಿಯಲ್ಲಿಯೂ ಸ್ಥಾನಗಳು ಅಷ್ಟೇ, 272. ಅವುಗಳಲ್ಲಿ ಹೆಚ್ಚಿನವನ್ನು ಇಪ್ಪತ್ತರಿಂದ ಮೂವತ್ತೈದರವರೆಗಿನ ನುರಿತವರು ಹಿಡಿದಿರುತ್ತಾರೆ. ವರ್ಷಕ್ಕೆ ಕೆಲವು ಸ್ಥಾನಗಳು ತೆರವಾಗುತ್ತವೆ. ವಯಸ್ಸು ಮೀರಿ ಹೊರಗೆ ಬರುವ ತರುಣರಾದರೋ ಅದಕ್ಕಿಂತ ಎಷ್ಟೋ ಹೆಚ್ಚು. ಮೇಲಕ್ಕೆ ಹೋಗದವರು ಸೋಮಾರಿಗಳೆಂದಾಗಲಿ, ಅಸಮರ್ಥರೆಂದಾಗಲಿ ಭಾವಿಸಕೂಡದು. ಏಣಿಯೇ ಹಾಗೆ ಮೇಲೆ ಕಿರಿದಾಗಿದೆ. ಹಾಗಿರುವಲ್ಲಿ ಕೆಳಗೆ ನಿಂತವನ ಕೈಯಲ್ಲಿ ಒಂದು ಕಸಬೋ ಒಂದು ವಿದ್ಯೆಯೋ ಇರಲೇಬೇಕಷ್ಟೆ.

ಇನ್ನು 2008ರ ಅಂತಿಮ ಪಂದ್ಯಕ್ಕೆ ಬರೋಣ. ಅದು ನಡೆದುದು ಅಕ್ಟೋಬರ್ 5, ಭಾನುವಾರ, 2000ನೆಯ ಇಸವಿಯ ಒಲಿಂಪಿಕ್ ಕ್ರೀಡೆಗಳಿಗಾಗಿ ಸಿಡ್ನಿಯಲ್ಲಿ ಕಟ್ಟಿದ ದೊಡ್ಡ ಕ್ರೀಡಾಂಗಣದಲ್ಲಿ. ಒಂದು ಕಡೆ ರಾಜಧಾನಿಯಾದ ಕ್ಯಾನ್ಬೆರಾ ನಗರದ ತಂಡ, ಮತ್ತೊಂದು ಕಡೆ ಬ್ರಿಸ್ಬೇನ್. ಎಂಬತ್ತು ನಿಮಿಷಗಳ ಆಟ ಮುಗಿದಾಗ ಇಬ್ಬರಿಗೂ ಇಪ್ಪತ್ತನಾಲ್ಕು. ಸಮನಾದರೆ ಹೆಚ್ಚಿನ ಆಟವಾಡಿಸಿ, ಮೊದಲು ಅಂಕ ಪಡೆದವರೇ ಗೆದ್ದರೆಂದು ನಿರ್ಣಯಿಸುವುದು ಅಲ್ಲಿನ ಪದ್ಧತಿ. ಅದಕ್ಕೆ ಅವರು ಗೋಲ್ಡನ್ ಪಾಯಿಂಟ್ ಎನ್ನುತ್ತಾರೆ, ನಾವು ಸುವರ್ಣಾಂಕವೆನ್ನೋಣ. ಆ ಹೆಚ್ಚಿನ ಆಟದಲ್ಲಿ ಕ್ಯಾನ್ಬೆರಾದವನೊಬ್ಬನು ಗೆರೆಯಾಚೆ ಚೆಂಡನ್ನು ಮುಟ್ಟಿಸಿದನು. 28ಕ್ಕೆ 24, ಆಟ ಮುಗಿಯಿತು. ಅದೇ ದಿನ ಅದೇ ಹುಲ್ಲಿನ ಮೇಲೆ ನಡೆದ ಹಿರಿಯರ ಅಂತಿಮ ಪಂದ್ಯದಲ್ಲಿ ಮ್ಯಾನ್ಲಿ ತಂಡವು ಮೆಲ್ಬರ್ನಿನವರಿಗೆ ಒಂದಂಕವನ್ನೂ ಕೊಡದೆ ನಾಲ್ವತ್ತು ಅಂಕಗಳಿಂದ ಗೆದ್ದಿತು. ನೋಡಲು ಬಂದವರಿಗೆ ಅಂದಿನ ನಿಜವಾದ ಕಾಳಗವನ್ನು ತೋರಿಸಿದವರು ಕಿರಿಯರೇ.

ಋತುವಿನ ಕಥೆ ಇಲ್ಲಿಗೆ ಮುಗಿಯಿತೆಂದು ಪತ್ರಿಕೆಗಳವರು ಬರೆದಿರಬಹುದು. ಉಪಾಧ್ಯಾಯನಾದವನಿಗೆ ಹಾಗೆ ಮುಗಿಯುವುದಿಲ್ಲ. ಅನಂತರ ಹುಡುಗನು ಏನಾದನೆಂಬುದೇ ಅವನಿಗೆ ಮುಖ್ಯ. ಆ ವರ್ಷದ ಸರ್ವೋತ್ತಮ ಕಿರಿಯ ಆಟಗಾರನೆಂದು ಗೌರವ ಪಡೆದವನು ಗೆದ್ದ ತಂಡದವನಲ್ಲ, ಸೋತ ಬ್ರಿಸ್ಬೇನಿನ ಬೆನ್ ಹಂಟ್. ಕ್ವೀನ್ಸ್‌ಲೆಂಡ್ ಪ್ರಾಂತದ ರಾಕ್‌ಹ್ಯಾಂಪ್ಟನ್ನಿನಲ್ಲಿ ಹುಟ್ಟಿದ ಅವನಿಗೆ ಆಗ ಹದಿನೆಂಟು ವರ್ಷ. ಮರುವರ್ಷವೇ ಹಿರಿಯರ ತಂಡವನ್ನು ಸೇರಿದನು. ಏಳು ವರ್ಷಗಳ ಮೇಲೆ, 2015ರ ಅಕ್ಟೋಬರ್ 4ರಂದು, ಹಿರಿಯರ ಅಂತಿಮ ಪಂದ್ಯದಲ್ಲಿ ಬ್ರಿಸ್ಬೇನಿಗೂ ಟೌನ್ಸ್‌ವಿಲ್ಲಿನ ತಂಡಕ್ಕೂ 16ಕ್ಕೆ 16 ಸಮನಾಗಿ, ಮತ್ತೆ ಸುವರ್ಣಾಂಕದ ಆಟವೇ ಒದಗಿತು. ಹೆಚ್ಚಿನ ಆಟದ ಮೊದಲನೆಯ ಒದೆತದಲ್ಲಿ ಆಕಾಶದಿಂದ ಇಳಿದುಬಂದ ಚೆಂಡು ಹಂಟನ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತು. ಸ್ವಲ್ಪ ಹೊತ್ತಿನಲ್ಲಿಯೇ ಎದುರು ತಂಡದ ಜೊನಾಥನ್ ಥರ್ಸ್‌ಟನ್ ಒದ್ದ ಚೆಂಡು ಕಂಬಗಳ ನಡುವೆ ಹಾಯ್ದು 17ಕ್ಕೆ 16 ಆಯಿತು. ಒಂದು ದೇಶವೇ ನೋಡುತ್ತಿದ್ದಾಗ ಕೈತಪ್ಪಿದ ಚೆಂಡು ಅದು. ವರ್ಷಗಟ್ಟಲೆ ಜನರು ಅದನ್ನು ಅವನ ಹೆಸರಿನೊಡನೆ ಕೂಡಿಸಿಯೇ ಆಡಿದರು.

ಹಂಟನು ಆಟ ಬಿಡಲಿಲ್ಲ. 2018ರಲ್ಲಿ ಬೇರೆ ತಂಡಕ್ಕೆ ಹೋಗಿ ಏಳು ಋತು ಆಡಿ, 2025ರಲ್ಲಿ ಬ್ರಿಸ್ಬೇನಿಗೆ ಮರಳಿದನು. ಆ ವರ್ಷದ ಅಂತಿಮ ಪಂದ್ಯದಲ್ಲಿ ಬ್ರಿಸ್ಬೇನ್ ತಂಡವು ಮೆಲ್ಬರ್ನನ್ನು 26ಕ್ಕೆ 22ರಿಂದ ಸೋಲಿಸಿದಾಗ ಮೂವತ್ತೈದು ವರ್ಷದ ಹಂಟನೂ ಆ ತಂಡದಲ್ಲಿದ್ದನು. ಅಂದು ಅಕ್ಟೋಬರ್ 5. ಕಿರಿಯರ ಪಂದ್ಯದಲ್ಲಿ ಅವನ ತಂಡವು ಸೋತುದೂ ಹದಿನೇಳು ವರ್ಷಗಳ ಹಿಂದೆ ಅದೇ ದಿನ, ಅದೇ ನಾಲ್ಕು ಅಂಕಗಳಿಂದ. ಇದು ಕಾಕತಾಳೀಯವೇ ಸರಿ. ಆದರೂ ಹೃದ್ಯವಾದ ಕಾಕತಾಳೀಯ.

ಗೆದ್ದ ಕಡೆಯವನೊಬ್ಬನನ್ನೂ ನೋಡೋಣ. ಅದೇ 2008ರಲ್ಲಿ ಕ್ಯಾನ್ಬೆರಾದ ಕಿರಿಯರಲ್ಲಿದ್ದ ಜ್ಯಾರಡ್ ಕ್ರೋಕರ್ 2009ರಲ್ಲಿ ಹಿರಿಯರ ತಂಡವನ್ನು ಸೇರಿ, 2023ರಲ್ಲಿ ನಿವೃತ್ತನಾಗುವವರೆಗೆ ಆ ಒಂದೇ ಕ್ಲಬ್ಬಿಗಾಗಿ 300ಕ್ಕೂ ಹೆಚ್ಚು ಪಂದ್ಯಗಳನ್ನಾಡಿದನು. ಅದರ ನಾಯಕನೂ ಆದನು. 2019ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ 14ಕ್ಕೆ 8ರಿಂದ ಸೋತನು. ಹಿರಿಯರ ಪಂದ್ಯಾವಳಿಯ ಪ್ರಶಸ್ತಿಯು ಅವನಿಗೆ ಕೊನೆಗೂ ಲಭಿಸಲಿಲ್ಲ. ಹಾಗಾದರೆ 2008ರಲ್ಲಿ ಗೆದ್ದವರಾರು, ಸೋತವರಾರು? ಹದಿನೆಂಟರಲ್ಲಿ ಬರೆದ ಅಂಕಪಟ್ಟಿಯನ್ನು ನೋಡಿ ಮೂವತ್ತೈದರ ಮನುಷ್ಯನನ್ನು ಹೇಳುವುದು ಯಾವ ಜೋಯಿಸನಿಗೂ ಸಾಧ್ಯವಿಲ್ಲ.

ಇವರಿಬ್ಬರೂ ಮೇಲಕ್ಕೆ ಹೋದವರು. ಹೋಗದವರ ಮಾತನ್ನು ಹೇಳದೆ ಬಿಟ್ಟರೆ ಈ ಲೇಖನವು ಅನ್ಯಾಯವಾದೀತು. ಈ ಆಟಗಾರರಲ್ಲಿ ಸಮೋವ, ಟೋಂಗ ಮೊದಲಾದ ಪೆಸಿಫಿಕ್ ದ್ವೀಪಗಳ ಮನೆತನದವರೂ ಮಾವೊರಿಗಳೂ ಬಹಳ ಮಂದಿ. ಅಂಥ ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬದ ಆಸೆಯು ಒಬ್ಬ ಹುಡುಗನ ಭುಜದ ಮೇಲೆ ಕುಳಿತಿರುತ್ತದೆ. ಪೆಟ್ಟಾಗಿಯೋ ಆಯ್ಕೆಯಾಗದೆಯೋ ಹಿಂದುಳಿದರೆ, ತನ್ನ ದುಃಖದ ಮೇಲೆ ಮನೆಯವರ ದುಃಖವನ್ನೂ ಅವನೇ ಹೊರುತ್ತಾನೆ. 2013ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಈ ಪಂದ್ಯಾವಳಿಯಿಂದ ಬಂದ ಇಬ್ಬರು ತರುಣರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಲ್ಲೊಬ್ಬನು ಹಿಂದಿನ ವರ್ಷ ಗೆದ್ದ ತಂಡದವನು. ಇಂಥ ಸಾವಿಗೆ ಒಂದೇ ಕಾರಣವನ್ನು ಹೇಳಹೋಗುವುದು ಅವಿವೇಕ, ನಾವು ಹೇಳುವುದಿಲ್ಲ. ಆದರೆ ಅಲ್ಲಿನ ಹಿರಿಯರು ಎಚ್ಚತ್ತರೆಂಬುದು ದಿಟ. ಮಾನಸಿಕ ಆರೋಗ್ಯದ ವಿಷಯವಾಗಿ 2014ರಲ್ಲಿ ಒಂದು ಕಾರ್ಯಕ್ರಮವನ್ನು ತೊಡಗಿ, ಮನಸ್ಸು ಕುಗ್ಗಿದಾಗ ಬಾಯಿಬಿಟ್ಟು ಹೇಳುವುದು ಹೇಡಿತನವಲ್ಲವೆಂದು ಆಟಗಾರರಿಗೂ ಊರೂರಿನ ಸಣ್ಣ ಕ್ಲಬ್ಬುಗಳಿಗೂ ತಿಳಿಯಹೇಳಿದರು.

ಹತ್ತು ವರ್ಷ ನಡೆದ ಮೇಲೆ, 2017ರಲ್ಲಿ, ಈ ರಾಷ್ಟ್ರೀಯ ಪಂದ್ಯಾವಳಿಯನ್ನು ನಿಲ್ಲಿಸಿದರು. ಆಟ ಚೆನ್ನಾಗಿರಲಿಲ್ಲವೆಂದಲ್ಲ. ಹತ್ತು ಅಂತಿಮ ಪಂದ್ಯಗಳಲ್ಲಿ ಆರು ನಾಲ್ಕು ಅಂಕಗಳಿಗೆ ಮೀರದ ಅಂತರದಲ್ಲಿ ಮುಗಿದಿದ್ದವು. 2011ರಲ್ಲಿ ಆಕ್ಲೆಂಡಿನ ಹುಡುಗರು 31ಕ್ಕೆ 30ರಿಂದ ಗೆದ್ದುದಂತೂ ಮತ್ತೆ ಸುವರ್ಣಾಂಕದಲ್ಲಿಯೇ. ಒಟ್ಟು ಮೂರು ಸಲ ಗೆದ್ದು ಆಕ್ಲೆಂಡಿನವರೇ ಎಲ್ಲರಿಗಿಂತ ಮುಂದಿದ್ದರು. ಆದರೆ ಖರ್ಚು ಬಹಳವಾಯಿತು, ಪ್ರಯಾಣ ಬಹಳವಾಯಿತು. ಎಳೆಯ ವಯಸ್ಸಿನಲ್ಲಿ ಮನೆಯಿಂದ ದೂರವಿರುವುದು ಒಳ್ಳೆಯದಲ್ಲವೆಂಬ ಮಾತೂ ಬಲವಾಯಿತು. 2018ರಿಂದ ಈ ವಯಸ್ಸಿನವರ ಪಂದ್ಯಗಳನ್ನು ಮತ್ತೆ ಪ್ರಾಂತವಾರಾಗಿ ನಡೆಸತೊಡಗಿದರು. ಇದನ್ನು ನಾವು ಸೋಲೆಂದು ಎಣಿಸುವುದಿಲ್ಲ. ಪ್ರಯೋಗವೊಂದನ್ನು ಮಾಡಿ, ಮಕ್ಕಳಿಗೆ ಭಾರವೆಂದು ಕಂಡಾಗ ಅದನ್ನು ಇಳಿಸಿದ್ದು ಹಿರಿಯರಿಗೆ ಗೌರವವೇ ಹೊರತು ಅವಮಾನವಲ್ಲ.

ನಮ್ಮ ಮನೆಗಳಲ್ಲಿಯೂ ಈಗ ಮಕ್ಕಳನ್ನು ಬೆಳಗಿನ ಜಾವದಲ್ಲೆಬ್ಬಿಸಿ ಕ್ರಿಕೆಟ್ಟಿಗೋ ಕಬಡ್ಡಿಗೋ ಈಜಿಗೋ ಕಳುಹಿಸುವ ತಾಯಿತಂದೆಗಳು ಬಹಳ. ಕಳುಹಿಸಲಿ, ವ್ಯಾಯಾಮವಿಲ್ಲದ ವಿದ್ಯೆಯು ನಮಗೆ ಎಂದೂ ರುಚಿಸಿದ್ದಲ್ಲ. ಆದರೆ ದೂರದೇಶದ ಆ ಹುಡುಗರ ಕಥೆಯಿಂದ ಎರಡು ವಿಷಯಗಳನ್ನು ಗಂಟುಹಾಕಿಕೊಳ್ಳಬಹುದು. ಮಗುವಿನ ಬದುಕನ್ನೆಲ್ಲ ಒಂದೇ ಚೆಂಡಿಗೆ ಕಟ್ಟಬಾರದು. ಓದೋ ಕಸಬೋ ಒಂದು ಜೊತೆಗಿರಲಿ. ಇನ್ನೊಂದು ಮನೆಯೊಳಗಿನ ಮಾತು. ಮಗನೋ ಮಗಳೋ ಸೋತು ಬಂದ ದಿನ, ಎಷ್ಟು ಅಂಕ ಬಂದಿತೆಂದು ಬಾಗಿಲಲ್ಲಿಯೇ ನಿಲ್ಲಿಸಿ ಕೇಳಬೇಡಿರಿ. ಕೈಕಾಲು ತೊಳೆದು ಬರಲಿ, ಎಲೆ ಹಾಕಿ ಬಡಿಸಿರಿ. ಹೊಟ್ಟೆ ತುಂಬಿದ ಮೇಲೆ ಹೇಳಬೇಕಾದುದನ್ನು ಅವರೇ ಹೇಳುತ್ತಾರೆ.