ಒಳಮನೆಗೆ ಬಂದ ಕಾವಲುಗಾರ

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಕೌದಳ್ಳಿ. ಮಾದಪ್ಪನ ಗುಡಿಯಲ್ಲಿ ಭಕ್ತರು ಎಲ್ಲಿ ನಿಲ್ಲಬೇಕು, ಗರ್ಭಗುಡಿಯೊಳಗೆ ಹೋಗುವವರು ಯಾರು ಎಂಬುದು ಈ ದಾರಿಯ ಚಿಕ್ಕ ಮಕ್ಕಳಿಗೂ ಗೊತ್ತು. ಪೂಜೆ ಬೇಡಗಂಪಣ ಅರ್ಚಕರದು. ಉಳಿದವರು ಹೊರಗಿನಿಂದಲೇ ಕೈಮುಗಿಯಬೇಕು. ಕಂಪ್ಯೂಟರಿನೊಳಗೂ ಇಂಥದೇ ಒಂದು ಕಟ್ಟಳೆ ಇದೆ. ಪತ್ರ ಬರೆಯುವ, ಚಿತ್ರ ತೋರಿಸುವ, ಹಾಡು ಕೇಳಿಸುವ ತಂತ್ರಾಂಶಗಳೆಲ್ಲ ಹೊರ ಅಂಕಣದಲ್ಲಿ ನಿಂತೇ ಕೆಲಸ ಮಾಡುತ್ತವೆ. ನೆನಪು, ಕೀಲಿಮಣೆ, ಡಿಸ್ಕ್ ಎಲ್ಲವನ್ನೂ ಆಳುವ ಒಳಗಿನ ಜಾಗಕ್ಕೆ ‘ಕರ್ನೆಲ್’ ಎಂದು ಹೆಸರು. ಅಲ್ಲಿ ಹೊಕ್ಕವನ ಕಣ್ಣಿಗೆ ಬೀಳದ್ದು ಬಹಳ ಕಡಿಮೆ.

ಆ ಒಳಮನೆಯಲ್ಲಿ ಈಗ ಆಟದ ಕಂಪನಿಗಳ ಕಾವಲುಗಾರ ಬಂದು ಕುಳಿತಿದ್ದಾನೆ. 2020ರ ಜೂನ್‌ನಲ್ಲಿ ಅಮೆರಿಕದ ರಯಟ್ ಗೇಮ್ಸ್ ಕಂಪನಿ ‘ವ್ಯಾಲೊರಂಟ್’ ಎಂಬ ಗುಂಡು ಹಾರಿಸುವ ಆಟವನ್ನು ಬಿಡುಗಡೆ ಮಾಡಿತು. ಅದರ ಬೆನ್ನಿಗೇ ಬರುವ ‘ವ್ಯಾನ್‌ಗಾರ್ಡ್’ ತಂತ್ರಾಂಶ ಆಟ ತೆರೆದಾಗ ಏಳುವಂಥದ್ದಲ್ಲ; ಕಂಪ್ಯೂಟರ್ ಚಾಲೂ ಆದಾಗಲೇ ಎದ್ದು ಕರ್ನೆಲ್‌ನಲ್ಲಿ ಕೂರುತ್ತದೆ. ಬೇಡವೆಂದರೆ ನಿಲ್ಲಿಸಬಹುದು. ಆದರೆ ಮತ್ತೆ ಆಡಬೇಕಾದರೆ ಯಂತ್ರವನ್ನು ಆರಿಸಿ ಹೊಸದಾಗಿ ಚಾಲೂ ಮಾಡಬೇಕು. 2024ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಆಟಕ್ಕೂ ಇದೇ ಕಾವಲುಗಾರ ಬಂದ.

ಇಷ್ಟು ಬಿಗಿ ಕಾವಲು ಯಾಕೆ? ಗೋಡೆಯಾಚೆಗಿನ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನಾಗಿಯೇ ಕೂರಿಸುವ ಮೋಸದ ತಂತ್ರಾಂಶಗಳು ಹಣಕ್ಕೆ ಸಿಗುತ್ತವೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ‘ಆಪ್ಟಿಕ್ ಇಂಡಿಯಾ’ ತಂಡದ ಆಟಗಾರನೊಬ್ಬ ಹೀಗೆಯೇ ಸಿಕ್ಕಿಬಿದ್ದ. ಮೋಸದ ಕಡತಕ್ಕೆ ಇಟ್ಟಿದ್ದ ಹೆಸರು ‘ವರ್ಡ್’. ಪಾಪ, ಪತ್ರ ಬರೆಯಲು ಬೇಕಾಗಿತ್ತೇನೋ! ಅವನಿಗೆ ಐದು ವರ್ಷ ನಿಷೇಧವಾಯಿತು, ತಂಡವೇ ಮುಚ್ಚಿತು. ಜೊತೆಗಿದ್ದ ನಾಲ್ವರ ದುಡಿಮೆಯೂ ನೀರುಪಾಲು. ಇಂಥ ಕೆಲವು ತಂತ್ರಾಂಶಗಳು ಕರ್ನೆಲ್‌ಗೇ ನುಗ್ಗಿ ಅಡಗುವುದರಿಂದ ಕಾವಲುಗಾರನೂ ಅಲ್ಲಿಗೇ ಹೋಗಬೇಕು ಎನ್ನುತ್ತವೆ ಕಂಪನಿಗಳು. ವಾದದಲ್ಲಿ ಹುರುಳಿದೆ.

ಆದರೆ ಕಾವಲುಗಾರನೇ ಕೆಟ್ಟರೆ? 2013ರಲ್ಲಿ ಅಮೆರಿಕದ ‘ಇಎಸ್‌ಇಎ’ ಎಂಬ ಆಟದ ಸಂಸ್ಥೆಯಲ್ಲಿ ಅದೂ ಆಯಿತು. ಮೋಸ ತಡೆಯಲೆಂದು ಆಟಗಾರರು ಹಾಕಿಕೊಂಡಿದ್ದ ತಂತ್ರಾಂಶದೊಳಗೆ ಅಲ್ಲಿನ ನೌಕರನೇ ಬಿಟ್‌ಕಾಯಿನ್ ಗಳಿಸುವ ಸಂಕೇತ ಸೇರಿಸಿದ್ದ. ಸುಮಾರು 14 ಸಾವಿರ ಕಂಪ್ಯೂಟರುಗಳು ಯಜಮಾನರಿಗೆ ತಿಳಿಯದಂತೆ ಬೇರೆಯವರಿಗಾಗಿ ದುಡಿದವು. ಕರೆಂಟು ಬಿಲ್ಲು ಮಾತ್ರ ಯಜಮಾನರದೇ! ಕೆಡದ ಕಾವಲುಗಾರನೂ ಕಳ್ಳರಿಗೆ ಏಣಿಯಾಗಬಹುದು. ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಕಾವಲು ಕಡತವನ್ನು ದುಷ್ಕರ್ಮಿಗಳು ಬಳಸಿಕೊಂಡು, ವೈರಸ್ ತಡೆಯುವ ತಂತ್ರಾಂಶವನ್ನೇ ಕೊಂದು, ಯಂತ್ರಕ್ಕೆ ಬೀಗ ಜಡಿದು ಹಣ ಕೇಳಿದ್ದು 2022ರಲ್ಲಿ ಬಯಲಾಯಿತು. ಆ ಯಂತ್ರದಲ್ಲಿ ಆಟ ಇರಬೇಕೆಂದೇನೂ ಇರಲಿಲ್ಲ. ಕಡತವೊಂದನ್ನು ತಂದಿಟ್ಟರೆ ಸಾಕಾಗಿತ್ತು.

ಬರೀ ಕೈತಪ್ಪಿನಿಂದಲೂ ಅನಾಹುತವಾಗುತ್ತದೆ. 2024ರ ಜುಲೈ 19ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಉದ್ದುದ್ದ ಸಾಲಿನಲ್ಲಿ ನಿಂತಿದ್ದು ಹಲವರಿಗೆ ನೆನಪಿರಬಹುದು. ಅಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದೇ ಒಂದು ತಪ್ಪು ಕಡತದಿಂದ. ಅದು ಆಟದ ಕಾವಲುಗಾರನಲ್ಲ, ನಿಜ. ಆದರೆ ಅದರ ಜಾಗವೂ ಕರ್ನೆಲ್ಲೇ.

ಕೌದಳ್ಳಿಯಂಥ ಊರಿನ ಮನೆಗೆ ಕಂಪ್ಯೂಟರ್ ಬಂದರೆ ಅದು ಒಬ್ಬರದಾಗಿ ಉಳಿಯುವುದಿಲ್ಲ. ಅಪ್ಪನ ಬ್ಯಾಂಕು ವ್ಯವಹಾರ, ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕ, ಅಕ್ಕನ ಸಿಇಟಿ ಅರ್ಜಿ, ಎಲ್ಲರ ಆಧಾರ್ ಪ್ರತಿ ಅದರಲ್ಲೇ. ಆಟ ಹಾಕುವಾಗ ‘ಒಪ್ಪಿಗೆಯೇ?’ ಎಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ. ಒಂಬತ್ತನೇ ತರಗತಿಯ ಹುಡುಗ ‘ಹೌದು’ ಒತ್ತುತ್ತಾನೆ. ಅವನು ಒಪ್ಪಿದ್ದು ಆಟಕ್ಕೆ. ಕೊಟ್ಟದ್ದು ಇಡೀ ಮನೆಯ ಬೀಗದ ಕೈ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ, 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಈ ಭಾಗದ ಜಾರಿಗೆ ಹದಿನೆಂಟು ತಿಂಗಳ ಗಡುವು ಸಿಕ್ಕಿತು. ಆದರೆ ಕರ್ನೆಲ್ ಎಂದರೇನೆಂದೇ ತಿಳಿಯದ ತಂದೆ ಒಪ್ಪಿಗೆ ಕೊಟ್ಟರೆ ಅದು ಎಂಥ ಒಪ್ಪಿಗೆ?

ಮೊಬೈಲಿನಲ್ಲಷ್ಟೇ ಆಡುವ ಮಕ್ಕಳ ಮನೆಯಲ್ಲಿ ಈ ಆತಂಕ ಅಷ್ಟಿಲ್ಲ. ಪ್ಲೇ ಸ್ಟೋರಿನಿಂದ ಬರುವ ಆಟಗಳಿಗೆ ಆಂಡ್ರಾಯ್ಡ್ ಒಳಮನೆಯ ಬಾಗಿಲು ತೆರೆಯುವುದಿಲ್ಲ. ಕಂಪ್ಯೂಟರಿನಲ್ಲೇ ಆಡಬೇಕೆಂದರೆ ಬ್ಯಾಂಕಿಗೂ ಅರ್ಜಿಗೂ ಬಳಸದ ಬೇರೆ ಯಂತ್ರ ಒಳ್ಳೆಯದು. ಎರಡು ಯಂತ್ರ ಎಲ್ಲರಿಗೂ ಎಲ್ಲಿ ಸಾಧ್ಯ? ಹಾಗಿದ್ದರೆ ಕರ್ನೆಲ್ ಮುಟ್ಟದ ಆಟಗಳನ್ನು ಆರಿಸಿಕೊಳ್ಳಬಹುದು. ವ್ಯಾಲ್ವ್ ಕಂಪನಿ ಕೌಂಟರ್-ಸ್ಟ್ರೈಕ್‌ಗೆ ಇಟ್ಟಿರುವ ಕಾವಲುಗಾರ ಹೊರ ಅಂಕಣದಲ್ಲೇ ನಿಲ್ಲುತ್ತಾನೆ. ಮೋಸಗಾರರ ಕಾಟ ಹೆಚ್ಚು ಎಂಬ ಗೊಣಗಾಟವೂ ಅಲ್ಲಿದೆ.

ಪರೀಕ್ಷೆ ಹತ್ತಿರ ಬಂತೆಂದು ವ್ಯಾಲೊರಂಟ್ ಅಳಿಸಿಹಾಕುವವರು ಕಂಪ್ಯೂಟರಿನ ತಂತ್ರಾಂಶಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ವ್ಯಾನ್‌ಗಾರ್ಡ್ ಅಲ್ಲಿ ಬೇರೆಯೇ ಹೆಸರಾಗಿ ಕುಳಿತಿರುತ್ತದೆ. ಅದನ್ನು ಪ್ರತ್ಯೇಕವಾಗಿಯೇ ತೆಗೆಯಬೇಕು.